ಸೋಲಾರ್, ಗಾಳಿ, ಬ್ಯಾಟರಿ: ಗ್ರಿಡ್ ಇಲ್ಲದೆ ಮನೆ ನಡೆಸುವ ಆಷಾಢದ ಲೆಕ್ಕ

ಈಚಿನ ಮಳೆಗಾಲಗಳಲ್ಲಿ ನೆಂಟರು, ಗೆಳೆಯರು ನನ್ನನ್ನು ಜಾಸ್ತಿ ಕೇಳಿದ ಪ್ರಶ್ನೆ ಒಂದೇ. "ಮನೆ ಮೇಲೆ ಸೋಲಾರ್ ಹಾಕಿಸಿದ್ದೇವೆ. ಆದರೂ ಕರೆಂಟ್ ಹೋದ ಕೂಡಲೇ ಮನೆ ಕತ್ತಲಾಗುತ್ತದೆ. ಯಾಕೆ?"

ಕೇಳುವವರ ಮನಸ್ಸಿನಲ್ಲಿ ಎಲ್ಲೋ ಮೋಸ ಹೋದೆವು ಅನ್ನುವ ಅನುಮಾನ ಇರುತ್ತದೆ. ಮೋಸ ಏನೂ ಆಗಿಲ್ಲ. 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಶುರುವಾಯಿತು. 3 ಕಿಲೋವಾಟ್ ಸೋಲಾರ್‌ಗೆ 78,000 ರೂಪಾಯಿ ತನಕ ಸಬ್ಸಿಡಿ ಸಿಗುತ್ತದೆ ಅಂತ ಎಷ್ಟೋ ಮನೆಯವರು ಪ್ಯಾನೆಲ್ ಹಾಕಿಸಿದರು. ಆದರೆ ಆ ಸಬ್ಸಿಡಿ ಇರುವುದು ಗ್ರಿಡ್‌ಗೆ ಜೋಡಿಸಿದ ಸೋಲಾರ್‌ಗೆ. ಗ್ರಿಡ್ ನಿಂತರೆ ಅದೂ ನಿಲ್ಲುತ್ತದೆ. ಗ್ರಿಡ್‌ನ ಹಂಗಿಲ್ಲದೆ ಮನೆ ನಡೆಯಬೇಕು ಅಂದರೆ ಅದು ಬೇರೆಯದೇ ಏರ್ಪಾಡು. ಆ ಏರ್ಪಾಡು ಹೇಗಿರುತ್ತದೆ, ಎಲ್ಲಿ ಎಡವುತ್ತದೆ ಅನ್ನುವುದನ್ನು ಬುಡದಿಂದ ಹೇಳುತ್ತೇನೆ.

ಕರೆಂಟ್ ಹೋದಾಗ ಸೋಲಾರ್ ಯಾಕೆ ಸುಮ್ಮನಾಗುತ್ತದೆ?

ಗ್ರಿಡ್ ಅಂದರೆ ಪವರ್‌ಹೌಸ್‌ನಿಂದ ನಿಮ್ಮ ಮನೆಯ ಸ್ವಿಚ್ ತನಕ ಹಬ್ಬಿರುವ ತಂತಿಗಳ ಬಲೆ. ಶರಾವತಿಯ ನೀರು, ರಾಯಚೂರಿನ ಕಲ್ಲಿದ್ದಲು, ಪಾವಗಡದ ಬಿಸಿಲು ಎಲ್ಲದರ ವಿದ್ಯುತ್ತೂ ಇದೇ ಬಲೆಗೆ ಬಂದು ಸೇರುತ್ತದೆ. ಈ ಬಲೆಗೆ ಒಂದು ಲಯ ಇದೆ. ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ. ಇದನ್ನೇ 50 ಹರ್ಟ್ಜ್ ಎಂದು ಕರೆಯುವುದು.

ಪ್ಯಾನೆಲ್‌ನಿಂದ ಬರುವ ವಿದ್ಯುತ್ತು ಹೀಗೆ ತೂಗುವುದಿಲ್ಲ. ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಅದು ಡಿಸಿ. ಮನೆಗೆ ಬೇಕಾದ್ದು ಎಸಿ. ಡಿಸಿಯನ್ನು ಎಸಿ ಮಾಡಿಕೊಡುವ ಪೆಟ್ಟಿಗೆಯೇ ಇನ್ವರ್ಟರ್.

ಸಂಗೀತ ಕಚೇರಿ ನೆನಪಿಸಿಕೊಳ್ಳಿ. ಶ್ರುತಿಪೆಟ್ಟಿಗೆ ಹಿಡಿದ ಶ್ರುತಿಗೆ ಹಾಡುವವರು ದನಿ ಸೇರಿಸುತ್ತಾರೆ. ಗ್ರಿಡ್‌ಗೆ ಜೋಡಿಸುವ ಇನ್ವರ್ಟರ್ ಹಾಡುವವರಿದ್ದ ಹಾಗೆ. ಗ್ರಿಡ್ ಅದರ ಶ್ರುತಿಪೆಟ್ಟಿಗೆ. ಶ್ರುತಿ ನಿಂತರೆ ಅದೂ ಬಾಯಿ ಮುಚ್ಚುತ್ತದೆ. ಹೀಗೆ ನಿಲ್ಲಲೇಬೇಕು ಅಂತ ನಿಯಮವೂ ಇದೆ. ಮಳೆಯಲ್ಲಿ ಲೈನ್‌ಮನ್ ಕಂಬ ಹತ್ತಿ ತಂತಿ ಮುಟ್ಟಿರುತ್ತಾರೆ. ಆಗ ನಿಮ್ಮ ಚಾವಣಿಯಿಂದ ಅದೇ ತಂತಿಗೆ ವಿದ್ಯುತ್ತು ಹರಿದರೆ ಒಂದು ಜೀವ ಹೋಗುತ್ತದೆ.

ಆಫ್-ಗ್ರಿಡ್ ಇನ್ವರ್ಟರ್ ಹಾಗಲ್ಲ. ಶ್ರುತಿಯನ್ನು ತಾನೇ ಹಿಡಿಯುತ್ತದೆ. ಅದಕ್ಕೆ ಬೆನ್ನಿಗೆ ಬ್ಯಾಟರಿ ಬೇಕು. ಇವೆರಡರ ನಡುವೆ ಹೈಬ್ರಿಡ್ ಅಂತ ಮೂರನೆಯ ಬಗೆ ಇದೆ. ಗ್ರಿಡ್ ಇದ್ದಾಗ ಅದರೊಂದಿಗೆ ಸೇರಿಕೊಳ್ಳುತ್ತದೆ. ಹೋದಾಗ ತಂತಿಯಿಂದ ಬಿಡಿಸಿಕೊಂಡು ಬ್ಯಾಟರಿಯಿಂದ ಮನೆ ನಡೆಸುತ್ತದೆ.

ವಾಟ್ ಬೇರೆ, ಯೂನಿಟ್ ಬೇರೆ

ಇದೊಂದು ಗೊತ್ತಾದರೆ ಅಂಗಡಿಯವರ ಅರ್ಧ ಮಾತು ತಾನಾಗಿಯೇ ಅರ್ಥವಾಗುತ್ತದೆ.

ಮದುವೆ ಮನೆಯ ಊಟ ತಗೊಳ್ಳಿ. ಒಂದು ಪಂಕ್ತಿಗೆ ಎಷ್ಟು ಎಲೆ ಹಾಕಬಹುದು ಅನ್ನುವುದು ಒಂದು ಲೆಕ್ಕ. ಉಗ್ರಾಣದಲ್ಲಿ ಎಷ್ಟು ಅಕ್ಕಿ ಇದೆ ಅನ್ನುವುದು ಇನ್ನೊಂದು ಲೆಕ್ಕ. ವಾಟ್ ಅಂದರೆ ಈ ಕ್ಷಣ ಎಷ್ಟು ಎಲೆ ಬಿದ್ದಿದೆ ಅನ್ನುವುದು. ಯೂನಿಟ್ ಅಂದರೆ ದಿನ ಮುಗಿದಾಗ ಎಷ್ಟು ಅಕ್ಕಿ ಖರ್ಚಾಯಿತು ಅನ್ನುವುದು. 1000 ವಾಟ್, ಅಂದರೆ ಒಂದು ಕಿಲೋವಾಟ್, ಒಂದು ಗಂಟೆ ಓಡಿದರೆ ಒಂದು ಯೂನಿಟ್. 10 ವಾಟ್‌ನ ಬಲ್ಬ್ 100 ಗಂಟೆ ಉರಿದರೂ ಅದೇ ಒಂದು ಯೂನಿಟ್.

ಇನ್ವರ್ಟರ್ ಊಟದ ಹಾಲ್ ಇದ್ದ ಹಾಗೆ, ಬ್ಯಾಟರಿ ಉಗ್ರಾಣ ಇದ್ದ ಹಾಗೆ. ಉಗ್ರಾಣದ ತುಂಬ ಅಕ್ಕಿ ಇದ್ದರೂ ಹಾಲ್ ಚಿಕ್ಕದಾದರೆ ಎಲ್ಲರೂ ಒಟ್ಟಿಗೆ ಕೂರಲಾಗುವುದಿಲ್ಲ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಪಂಪು ಒಟ್ಟಿಗೆ ಹಾಕಿದರೆ ಬ್ಯಾಟರಿ ತುಂಬಿದ್ದರೂ ಇನ್ವರ್ಟರ್ ಟ್ರಿಪ್ ಆಗುವುದು ಇದಕ್ಕೇ. ಹಾಲ್ ದೊಡ್ಡದಿದ್ದು ಅಕ್ಕಿ ಕಮ್ಮಿ ಇದ್ದರೆ ಎರಡನೇ ಪಂಕ್ತಿಗೆ ಅನ್ನ ಇರುವುದಿಲ್ಲ. "5 ಕಿಲೋವಾಟ್ ಸಿಸ್ಟಮ್" ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆ ಆಡಿಸಬೇಡಿ. ಅದು ಹಾಲ್‌ನ ಅಳತೆ. ಉಗ್ರಾಣ ಎಷ್ಟು ಅಂತ ಕೇಳಿ.

ಮೋಟರ್ ಇರುವ ಸಾಮಾನಿನದು ಇನ್ನೊಂದು ಕಥೆ. ಒಂದು ಎಚ್.ಪಿ. ಪಂಪು ಅಂದರೆ ಸುಮಾರು 750 ವಾಟ್. ಆದರೆ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಆ ಒಂದೆರಡು ಸೆಕೆಂಡನ್ನು ತಡೆಯುವ ಇನ್ವರ್ಟರ್ ಬೇಕು.

ಬಿಸಿಲು ಬೇಕು, ಬಿಸಿ ಬೇಡ

ಬೆಳಕು ಬಿದ್ದಾಗ ಸಿಲಿಕಾನ್ ಹಾಳೆಯೊಳಗಿನ ಎಲೆಕ್ಟ್ರಾನ್‌ಗಳು ಕಿತ್ತುಕೊಂಡು ಹೊರಡುತ್ತವೆ. ಅವು ಒಂದೇ ಕಡೆಗೆ ಹೋಗುವ ಹಾಗೆ ಹಾಳೆಯನ್ನು ಮಾಡಿರುತ್ತಾರೆ. ಸೋಲಾರ್ ಸೆಲ್‌ನ ಗುಟ್ಟು ಇಷ್ಟೇ. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಕೆಲಸಕ್ಕೆ ಬರುವ ಮೊದಲ ಸಿಲಿಕಾನ್ ಸೆಲ್ ತೋರಿಸಿದಾಗ, ಬಿದ್ದ ಬೆಳಕಿನಲ್ಲಿ ಶೇಕಡಾ 6ರಷ್ಟು ವಿದ್ಯುತ್ತಾಗುತ್ತಿತ್ತು. ಈಗ ಮನೆಗೆ ಬರುವ ಒಳ್ಳೆಯ ಪ್ಯಾನೆಲ್‌ಗಳು ಶೇಕಡಾ 20 ದಾಟಿವೆ.

ಪ್ಯಾನೆಲ್ ಹಿಂದೆ ಅಂಟಿಸಿದ ಚೀಟಿಯಲ್ಲಿ 540 ವಾಟ್ ಅಂತ ಬರೆದಿರುತ್ತದೆ. ಅದು ಲ್ಯಾಬಿನ ಅಳತೆ. ನಿಚ್ಚಳ ಬಿಸಿಲಿನಷ್ಟು ಬೆಳಕು, ಸೆಲ್‌ನ ಬಿಸಿ 25 ಡಿಗ್ರಿ. ನಮ್ಮ ಏಪ್ರಿಲ್ ಮಧ್ಯಾಹ್ನ ಚಾವಣಿ ಮೇಲಿನ ಪ್ಯಾನೆಲ್ 60 ಡಿಗ್ರಿ ಮುಟ್ಟುತ್ತದೆ. 25ರ ಮೇಲೆ ಒಂದೊಂದು ಡಿಗ್ರಿ ಏರಿದಾಗಲೂ ಶಕ್ತಿ ಶೇಕಡಾ 0.3ರಿಂದ 0.4ರಷ್ಟು ಇಳಿಯುತ್ತದೆ. ಅಂದರೆ ಸುಡುಬಿಸಿಲಿನಲ್ಲಿ ಎಂಟನೇ ಒಂದು ಭಾಗ ಬಿಸಿಗೇ ಹೋಯಿತು. ಪ್ಯಾನೆಲ್ ಕೆಳಗೆ ಗಾಳಿ ಆಡಲು ಜಾಗ ಬಿಡುವುದು ಇದಕ್ಕೇ.

ಬಿಸಿಗಿಂತ ದೊಡ್ಡ ಶತ್ರು ನೆರಳು. ಪ್ಯಾನೆಲ್‌ನಲ್ಲಿ ಸೆಲ್‌ಗಳು ಸಾಲಾಗಿ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಸಾಲಿನಲ್ಲಿ ಒಂದು ಸೋತರೆ ಇಡೀ ಸಾಲು ಸೋಲುತ್ತದೆ. ಒಂದು ಅಡಿಕೆ ಮರದ ತೆಳ್ಳನೆ ನೆರಳು ಹಾಯ್ದರೂ ಸಾಕು, ಪ್ಯಾನೆಲ್‌ನ ಮೂರನೇ ಒಂದು ಭಾಗ ಮಲಗಬಹುದು. ನಮ್ಮಲ್ಲಿ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ, 15 ಡಿಗ್ರಿ ಆಸುಪಾಸು ಓರೆ ಇರಬೇಕು. ಮಲೆನಾಡಿನಲ್ಲಿ ಓರೆ ಇನ್ನಷ್ಟಿದ್ದರೂ ತಪ್ಪಿಲ್ಲ. ಮಳೆ ನೀರು ಜಾರಿ ಹೋಗುತ್ತದೆ, ಪಾಚಿ ಕೂರುವುದಿಲ್ಲ.

ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಚಾರ್ಜ್ ಕಂಟ್ರೋಲರ್ ಅನ್ನುವ ಪೆಟ್ಟಿಗೆ ಕೂರುತ್ತದೆ. ಬ್ಯಾಟರಿ ತುಂಬಿದ ಮೇಲೆ ತುರುಕದಂತೆ ತಡೆಯುವುದು ಅದರ ಕೆಲಸ. ಎಂಪಿಪಿಟಿ ಅನ್ನುವ ಬಗೆ ಇನ್ನೂ ಜಾಣ. ಗೇರ್ ಸೈಕಲ್ ತುಳಿದವರಿಗೆ ಗೊತ್ತು. ಏರಿಗೊಂದು ಗೇರ್, ಇಳಿಜಾರಿಗೊಂದು. ಬೆಳಕು ಏರಿದಂತೆ ಇಳಿದಂತೆ ಎಂಪಿಪಿಟಿ ಹಾಗೆ ಗೇರ್ ಬದಲಿಸುತ್ತ, ಆ ಕ್ಷಣಕ್ಕೆ ಪ್ಯಾನೆಲ್‌ನಿಂದ ಎಷ್ಟು ಸಾಧ್ಯವೋ ಅಷ್ಟನ್ನೂ ಎಳೆದುಕೊಳ್ಳುತ್ತದೆ.

ಬ್ಯಾಟರಿ: ಇಡೀ ಏರ್ಪಾಡಿನ ಉಗ್ರಾಣ

ಪ್ಯಾನೆಲ್ 25 ವರ್ಷ ಬಾಳುತ್ತದೆ. ಹಣ ಹೋಗುವುದು, ನಿರಾಸೆ ಆಗುವುದು ಬ್ಯಾಟರಿಯಲ್ಲಿ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ನಮ್ಮ ಮನೆಗಳ ಯುಪಿಎಸ್‌ನಲ್ಲಿ ಇರುವುದು ಸಾಮಾನ್ಯವಾಗಿ ಲೆಡ್-ಆಸಿಡ್ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದದ್ದು. ಸೀಸದ ತಟ್ಟೆಗಳು, ಗಂಧಕಾಮ್ಲ, ಆಗಾಗ ಡಿಸ್ಟಿಲ್ಡ್ ವಾಟರ್. ಅದರ ಮೇಲೆ 12 ವೋಲ್ಟ್, 150 ಎಎಚ್ (ಆಂಪಿಯರ್-ಗಂಟೆ) ಅಂತ ಬರೆದಿರುತ್ತದೆ. ಎರಡನ್ನೂ ಗುಣಿಸಿ. 1800 ವಾಟ್-ಗಂಟೆ, ಅಂದರೆ 1.8 ಯೂನಿಟ್. ಆದರೆ ಪೂರ್ತಿ ತೆಗೆಯುವಂತಿಲ್ಲ. ದಿನವೂ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಬೇಗ ಮುಗಿಯುತ್ತದೆ. ಹಾಗಾಗಿ ಕೈಗೆ ಸಿಗುವುದು 0.9 ಯೂನಿಟ್.

ಲೆಡ್-ಆಸಿಡ್‌ಗೆ ಇನ್ನೊಂದು ಗುಣ ಇದೆ. ಖಾಲಿ ಇದ್ದಷ್ಟೂ ಹೊತ್ತು ಅದರ ತಟ್ಟೆಗಳ ಮೇಲೆ ಸಲ್ಫೇಟ್ ಹರಳು ಕೂರುತ್ತದೆ. ಬೇಗ ತುಂಬಿಸಿದರೆ ಹರಳು ಕರಗುತ್ತದೆ. ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಇಟ್ಟರೆ ಗಟ್ಟಿಯಾಗಿ ಅಲ್ಲೇ ನಿಲ್ಲುತ್ತದೆ. ಮಲೆನಾಡಿನ ಮಳೆಗಾಲ ಅಂದರೆ ಇದೇ ಅಲ್ವಾ? ಮೂರು ತಿಂಗಳು ಅರೆಹೊಟ್ಟೆ. ನಮ್ಮ ಮನೆಯಲ್ಲಿ ಮೊದಲು ಹಾಕಿದ ನಾಲ್ಕು ಬ್ಯಾಟರಿಗಳು ಎರಡನೇ ಮಳೆಗಾಲ ದಾಟಲಿಲ್ಲ. ಮಾರಿದವರು "ನೀರು ಸರಿಯಾಗಿ ಹಾಕಿಲ್ಲ" ಅಂದರು. ನೀರು ತಪ್ಪದೆ ಹಾಕಿದ್ದೆವು. ಆಷಾಢ ಪೂರ್ತಿ ಅವು ಒಂದು ದಿನವೂ ತುಂಬಿರಲಿಲ್ಲ. ಮಳೆಗಾಲಕ್ಕೆ ಆ ಬ್ಯಾಟರಿ ತಕ್ಕದ್ದಲ್ಲ ಅಂತ ಒಂದು ಮಾತು ಹೇಳುವವರು ಇದ್ದಿದ್ದರೆ ಅಷ್ಟು ದುಡ್ಡು ಉಳಿಯುತ್ತಿತ್ತು. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಲಿಥಿಯಂ ಬ್ಯಾಟರಿ ಇಲ್ಲಿ ವಾಸಿ. ಲಿಥಿಯಂನಲ್ಲೂ ಬಗೆಗಳಿವೆ. ಮನೆಗೆ ಈಗ ಹೆಚ್ಚಾಗಿ ಬರುವುದು ಎಲ್‌ಎಫ್‌ಪಿ, ಅಂದರೆ ಲಿಥಿಯಂ, ಕಬ್ಬಿಣ, ಫಾಸ್ಫೇಟ್ ಸೇರಿದ್ದು. ಲಿಥಿಯಂ-ಅಯಾನ್ ಬ್ಯಾಟರಿಗಾಗಿ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಜಾನ್ ಗುಡ್‌ಇನಫ್ ಒಬ್ಬರು. ಅವರ ಪ್ರಯೋಗಾಲಯದಲ್ಲೇ 1990ರ ದಶಕದಲ್ಲಿ ಈ ಬಗೆ ಹುಟ್ಟಿದ್ದು. ಫೋನಿನಲ್ಲಿರುವ ಬಗೆಗಿಂತ ಇದು ತೂಕ ಜಾಸ್ತಿ. ಆದರೆ ಸುಲಭಕ್ಕೆ ಬೆಂಕಿ ಹಿಡಿಯುವುದಿಲ್ಲ. ಶೇಕಡಾ 80ರಿಂದ 90ರಷ್ಟು ಖಾಲಿ ಮಾಡಬಹುದು. ಸಾವಿರಾರು ಸಲ ತುಂಬಿ ಖಾಲಿ ಮಾಡಿದರೂ ತಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾದ್ದು, ಅರೆಹೊಟ್ಟೆಯಲ್ಲಿದ್ದರೂ ಅದಕ್ಕೆ ಬೇಸರವಿಲ್ಲ. ಕೊಳ್ಳುವಾಗ ಬೆಲೆ ಹೆಚ್ಚು. ಆದರೆ ಆಯಸ್ಸಿನ ಉದ್ದಕ್ಕೂ ಎಷ್ಟು ಯೂನಿಟ್ ಕೊಟ್ಟೀತು ಅಂತ ಭಾಗಿಸಿ ನೋಡಿ. ದಿನವೂ ಬ್ಯಾಟರಿ ಬಳಸುವ ಮನೆಗೆ ಲೆಕ್ಕ ಅದರ ಕಡೆಗೇ ವಾಲುತ್ತದೆ.

ಇಂಥ ಬ್ಯಾಟರಿಯೊಳಗೆ ಬಿಎಂಎಸ್ ಅನ್ನುವ ಕಾವಲುಗಾರ ಸರ್ಕ್ಯೂಟ್ ಇರುತ್ತದೆ. ಒಂದೊಂದು ಸೆಲ್ಲನ್ನೂ ನೋಡಿಕೊಂಡು, ಅತಿಯಾದಾಗ ತಾನೇ ಕಡಿಯುತ್ತದೆ. ಅದಿಲ್ಲದ ಲಿಥಿಯಂ ಬ್ಯಾಟರಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಒಂದು ಮನೆಯ ಲೆಕ್ಕ

ಸಿರ್ಸಿ, ತೀರ್ಥಹಳ್ಳಿ ಕಡೆ ಒಂದು ಸಾಧಾರಣ ಮನೆ ಅಂದುಕೊಳ್ಳಿ. 9 ವಾಟ್‌ನ ಎಂಟು ಎಲ್‌ಇಡಿ ಬಲ್ಬ್, ದಿನಕ್ಕೆ 5 ಗಂಟೆ. 360 ವಾಟ್-ಗಂಟೆ ಆಯಿತು. 30 ವಾಟ್‌ನ ಬಿಎಲ್‌ಡಿಸಿ ಫ್ಯಾನ್ (ಕಮ್ಮಿ ವಿದ್ಯುತ್ತಿನಲ್ಲಿ ತಿರುಗುವ ಬಗೆ) ಮೂರು, 8 ಗಂಟೆ. 720. ಅದೇ ಹಳೆಯ 75 ವಾಟ್ ಫ್ಯಾನ್ ಆಗಿದ್ದರೆ 1800 ಆಗುತ್ತಿತ್ತು. ಫ್ಯಾನ್ ಬದಲಿಸುವ ಖರ್ಚು, ಅದಕ್ಕಾಗಿ ಹೆಚ್ಚು ಬ್ಯಾಟರಿ ಕೊಳ್ಳುವ ಖರ್ಚಿಗಿಂತ ಕಮ್ಮಿ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಚಿಕ್ಕ ಫ್ರಿಜ್‌ಗೆ 1000 ಇಡಿ. ಟಿವಿ 3 ಗಂಟೆಗೆ 180. ವೈಫೈ, ಫೋನ್ ಸೇರಿ 280. ಮಿಕ್ಸಿ ಕಾಲು ಗಂಟೆಗೆ 125. ಎಲ್ಲ ಕೂಡಿದರೆ 2665, ಅಂದರೆ 2.7 ಯೂನಿಟ್ ಹತ್ತಿರ.

ಇದರ ಮೇಲೆ ಸೋರಿಕೆ ಇದೆ. ಬ್ಯಾಟರಿಗೆ ಹೋಗುವಾಗ, ಬರುವಾಗ, ಇನ್ವರ್ಟರ್ ದಾಟುವಾಗ ಸ್ವಲ್ಪ ಸ್ವಲ್ಪ ಬಿಸಿಯಾಗಿ ಹೋಗುತ್ತದೆ. ಏನೂ ಓಡದಿದ್ದರೂ ಇನ್ವರ್ಟರ್ ತಾನು ಎಚ್ಚರವಾಗಿರಲು ಒಂದಿಷ್ಟು ತಿನ್ನುತ್ತದೆ. ಹಾಗಾಗಿ ಪ್ಯಾನೆಲ್ ದಿನಕ್ಕೆ 3.5 ಯೂನಿಟ್ ಕೊಡಬೇಕು ಅಂತ ಇಟ್ಟುಕೊಳ್ಳೋಣ.

ಬೇಸಿಗೆಯಲ್ಲಿ ಒಂದು ಕಿಲೋವಾಟ್ ಪ್ಯಾನೆಲ್ ದಿನಕ್ಕೆ 4 ಯೂನಿಟ್ ಆಸುಪಾಸು ಕೊಡುತ್ತದೆ. ಅಂದರೆ ಈ ಮನೆಗೆ ಒಂದು ಕಿಲೋವಾಟ್ ಸಾಕು. ಅಂಗಡಿಯ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ನಮ್ಮ ಕಷ್ಟ ಇಲ್ಲಿಂದ ಶುರುವಾಗುತ್ತದೆ.

ಆಷಾಢದಲ್ಲಿ ದಟ್ಟ ಮೋಡದ ದಿನ ಅದೇ ಒಂದು ಕಿಲೋವಾಟ್ ಕೊಡುವುದು ಒಂದು ಯೂನಿಟ್ ಇರಬಹುದು. ಕೆಲವು ದಿನ ಅದೂ ಇಲ್ಲ. ಆ ದಿನಕ್ಕೆ 3.5 ಯೂನಿಟ್ ಬೇಕು ಅಂದರೆ 3.5 ಕಿಲೋವಾಟ್ ಪ್ಯಾನೆಲ್ ಇರಬೇಕು. ಮನೆ ಅದೇ, ಬಳಕೆ ಅದೇ. ಆದರೆ ಏಪ್ರಿಲ್‌ನ ಲೆಕ್ಕಕ್ಕೂ ಆಷಾಢದ ಲೆಕ್ಕಕ್ಕೂ ಮೂರೂವರೆ ಪಟ್ಟು ವ್ಯತ್ಯಾಸ. ಗ್ರಿಡ್ ಇಲ್ಲದ ಮನೆಯನ್ನು ಅಳೆಯಬೇಕಾದ್ದು ವರ್ಷದ ಸರಾಸರಿಯಿಂದಲ್ಲ, ವರ್ಷದ ಅತಿ ಕೆಟ್ಟ ವಾರದಿಂದ.

ಹಾಗಾದರೆ ಬ್ಯಾಟರಿ ಜಾಸ್ತಿ ಇಟ್ಟರಾಗದೇ ಅಂತ ಕೇಳಬಹುದು. ಎರಡು ದಿನ ಬಿಸಿಲಿಲ್ಲದೆ ಮನೆ ನಡೆಯಬೇಕು ಅಂದರೆ 7 ಯೂನಿಟ್ ಕೂಡಿಡಬೇಕು. ಅದಕ್ಕೆ 150 ಎಎಚ್‌ನ ಲೆಡ್-ಆಸಿಡ್ ಬ್ಯಾಟರಿ ಎಂಟು ಬೇಕು. ಇಲ್ಲವೇ 51.2 ವೋಲ್ಟ್, 100 ಎಎಚ್‌ನ ಎಲ್‌ಎಫ್‌ಪಿ ಎರಡು. ಸರಿ, ಎರಡು ದಿನ ಕಳೆಯಿತು. ಮೂರನೇ ದಿನವೂ ಮಳೆ ಬಿಡಲಿಲ್ಲ. ಆಗ ಬ್ಯಾಟರಿ ಖಾಲಿ, ತುಂಬಿಸಲು ಬಿಸಿಲೂ ಇಲ್ಲ. ಇಂದಿನ ಹಗಲನ್ನು ಇಂದಿನ ರಾತ್ರಿಗೆ ದಾಟಿಸುವುದು ಬ್ಯಾಟರಿಯಿಂದ ಆಗುತ್ತದೆ. ವೈಶಾಖದ ಬಿಸಿಲನ್ನು ಆಷಾಢಕ್ಕೆ ದಾಟಿಸುವುದು ಮನೆಯ ಬ್ಯಾಟರಿಯಿಂದ ಆಗುವ ಕೆಲಸವಲ್ಲ. ಅದಕ್ಕೇ ತಿಳಿದವರು ಬ್ಯಾಟರಿಗೆ ಮಿತಿ ಇಟ್ಟು ಪ್ಯಾನೆಲ್ ಹೆಚ್ಚು ಹಾಕಿಸುತ್ತಾರೆ. ಬ್ಯಾಟರಿಗೆ ಹೋಲಿಸಿದರೆ ಪ್ಯಾನೆಲ್ ಈಗ ಅಗ್ಗ. ಉಳಿದ ನಾಲ್ಕಾರು ಕೆಟ್ಟ ದಿನಗಳಿಗೆ ಸಣ್ಣ ಜನರೇಟರ್ ಇಟ್ಟುಕೊಳ್ಳುತ್ತಾರೆ.

ಗೀಸರ್, ಇಂಡಕ್ಷನ್ ಒಲೆ ಈ ಪಟ್ಟಿಯಲ್ಲಿ ಇಲ್ಲದಿರುವುದನ್ನು ಗಮನಿಸಿದ್ದೀರಾ? 2000 ವಾಟ್‌ನ ಗೀಸರ್ ಒಂದು ಗಂಟೆ ಉರಿದರೆ 2 ಯೂನಿಟ್. ಮನೆಯ ಮುಕ್ಕಾಲು ದಿನದ ಅನ್ನವನ್ನು ಒಂದು ಸ್ನಾನ ತಿಂದುಬಿಡುತ್ತದೆ. ಬಿಸಿ ಮಾಡುವ ಯಾವ ಕೆಲಸವೂ ಬ್ಯಾಟರಿಯ ಮೇಲೆ ಬೇಡ. ಅದಕ್ಕೆ ಬಚ್ಚಲ ಹಂಡೆ ಇದೆ, ಸೋಲಾರ್ ವಾಟರ್ ಹೀಟರ್ ಇದೆ. ಪಂಪನ್ನು ಮಧ್ಯಾಹ್ನ ಬಿಸಿಲಿದ್ದಾಗಲೇ ಓಡಿಸಿ. ಟ್ಯಾಂಕಿನಲ್ಲಿ ತುಂಬಿದ ನೀರೂ ಕೂಡಿಟ್ಟ ಶಕ್ತಿಯೇ.

ಮೋಡ ಕವಿದಾಗ ಗಾಳಿ ಬೀಸುತ್ತದೆ

ಆಷಾಢ ಅಂದರೆ ನಮಗೆ ಗಾಳಿ, ಗಾಳಿಪಟ. ಸೂರ್ಯ ಮರೆಯಾಗುವ ಕಾಲಕ್ಕೇ ಗಾಳಿ ಜೋರಾಗುತ್ತದೆ. ನೈಋತ್ಯ ಮುಂಗಾರು ಪಶ್ಚಿಮ ಘಟ್ಟ ದಾಟಿ ಬಯಲಿಗೆ ನುಗ್ಗುವಾಗ ಚಿತ್ರದುರ್ಗದ ಜೋಗಿಮಟ್ಟಿ, ಗದಗದ ಕಪ್ಪತಗುಡ್ಡದ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತವೆ. ಹಾಗಾದರೆ ಮನೆಗೂ ಒಂದು ಪುಟ್ಟ ಗಾಳಿಯಂತ್ರ ಹಾಕಿದರೆ ಬಿಸಿಲಿನ ಕೊರತೆ ತುಂಬೀತು ಅಲ್ವಾ? ಯೋಚನೆ ಸರಿ. ಆದರೆ ಅದು ಎಲ್ಲ ಕಡೆ ನಡೆಯುವುದಿಲ್ಲ. ಯಾಕೆ ಅಂತ ತಿಳಿಯಲು ಗಾಳಿಯ ಒಂದು ಲೆಕ್ಕ ಗೊತ್ತಿರಬೇಕು.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎರಡು ಪಟ್ಟಾಗುವುದಿಲ್ಲ, ಎಂಟು ಪಟ್ಟಾಗುತ್ತದೆ. ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ 2 ಮೀಟರ್ ಇರುವ ರೆಕ್ಕೆಯ ಯಂತ್ರ ತಗೊಳ್ಳಿ. ಗಾಳಿ ಸೆಕೆಂಡಿಗೆ 3 ಮೀಟರ್ ಇದ್ದರೆ, ಅಂದರೆ ಎಲೆ ಅಲ್ಲಾಡುವಷ್ಟು ಇದ್ದರೆ, ಸಿಗುವುದು 10 ವಾಟ್ ಚಿಲ್ಲರೆ. 6 ಮೀಟರ್ ಆದರೆ 100 ವಾಟ್. 12 ಮೀಟರ್ ಆದರೆ 800 ವಾಟ್. ಗಂಟೆಗೆ 43 ಕಿಲೋಮೀಟರ್ ವೇಗದ ಗಾಳಿ ಅದು. ಮಾರುವವರು "ಒಂದು ಕಿಲೋವಾಟ್ ಯಂತ್ರ" ಅನ್ನುವುದು ಇಂಥ ಗಾಳಿಯ ಲೆಕ್ಕದಲ್ಲಿ. ನಿಮ್ಮ ಅಂಗಳದಲ್ಲಿ ವರ್ಷಕ್ಕೆ ಎಷ್ಟು ಗಂಟೆ ಅಂಥ ಗಾಳಿ ಬೀಸುತ್ತದೆ?

ಬೀಸಿದ ಗಾಳಿಯ ಶಕ್ತಿಯನ್ನೆಲ್ಲ ಹಿಡಿಯಲೂ ಆಗುವುದಿಲ್ಲ. ಎಲ್ಲ ಹಿಡಿದರೆ ಗಾಳಿ ರೆಕ್ಕೆಯ ಹಿಂದೆ ನಿಂತೇಬಿಡುತ್ತದೆ, ಹೊಸ ಗಾಳಿಗೆ ದಾರಿ ಇರುವುದಿಲ್ಲ. ಶೇಕಡಾ 59.3ಕ್ಕಿಂತ ಹೆಚ್ಚು ಹಿಡಿಯಲು ಸಾಧ್ಯವಿಲ್ಲ ಅಂತ ಜರ್ಮನಿಯ ಆಲ್ಬರ್ಟ್ ಬೆಟ್ಸ್ 1919ರಲ್ಲೇ ಲೆಕ್ಕ ಹಾಕಿ ತೋರಿಸಿದ. ಸಣ್ಣ ಯಂತ್ರಗಳು ಹಿಡಿಯುವುದು ಅದರ ಅರ್ಧದಷ್ಟು.

ಮರ, ಮನೆ, ಗುಡ್ಡದ ಓರೆ ಗಾಳಿಯನ್ನು ಕಲಕಿಬಿಡುತ್ತವೆ. ಕಲಕಿದ ಗಾಳಿಯಲ್ಲಿ ರೆಕ್ಕೆ ತಿರುಗಿದಂತೆ ಕಾಣುತ್ತದೆ, ವಿದ್ಯುತ್ತು ಬರುವುದಿಲ್ಲ, ಬೇರಿಂಗ್ ಮಾತ್ರ ಸವೆಯುತ್ತದೆ. ಸುತ್ತಲಿನ ನೂರು ನೂರೈವತ್ತು ಮೀಟರ್‌ನಲ್ಲಿ ಇರುವ ಅತಿ ಎತ್ತರದ ಮರಕ್ಕಿಂತ 10 ಮೀಟರ್ ಮೇಲೆ ರೆಕ್ಕೆ ಇರಬೇಕು ಅನ್ನುವುದು ಈ ಕೆಲಸದವರ ನಿಯಮ. ಅಡಿಕೆ ತೋಟದ ಕಣಿವೆಯಲ್ಲಿರುವ ಮನೆಗೆ ಇದು ಆಗದ ಮಾತು. ಚಾವಣಿ ಮೇಲೆ ಪುಟ್ಟ ಕಂಬ ನೆಟ್ಟು ಕೂರಿಸುವುದಂತೂ ದುಡ್ಡು ದಂಡ. ಬಯಲುಸೀಮೆಯ ತೆರೆದ ಗುಡ್ಡದ ನೆತ್ತಿ, ಮರವಿಲ್ಲದ ಹೊಲದ ನಡುವೆ ಇರುವ ಮನೆ, ಅಲ್ಲಿ ಮಾತ್ರ ಇದನ್ನು ಯೋಚಿಸಬಹುದು. ಕೊಳ್ಳುವ ಮೊದಲು ಗಾಳಿಯ ವೇಗ ಅಳೆಯುವ ಸಣ್ಣ ಮೀಟರನ್ನು ಅದೇ ಎತ್ತರದಲ್ಲಿ ಒಂದು ವರ್ಷ ಇಟ್ಟು ನೋಡುವುದು ಒಳ್ಳೆಯದು.

ಪ್ಯಾನೆಲ್‌ಗೂ ಗಾಳಿಯಂತ್ರಕ್ಕೂ ಇನ್ನೊಂದು ವ್ಯತ್ಯಾಸ ಇದೆ. ಬ್ಯಾಟರಿ ತುಂಬಿದಾಗ ಪ್ಯಾನೆಲ್‌ನ ತಂತಿ ಕಡಿದರೆ ಅದು ಬಿಸಿಲಲ್ಲಿ ಸುಮ್ಮನೆ ಮಲಗಿರುತ್ತದೆ. ಗಾಳಿಯಂತ್ರದ ತಂತಿ ಕಡಿದರೆ ಹೊರೆ ಇಳಿದ ರೆಕ್ಕೆ ಲಂಗುಲಗಾಮಿಲ್ಲದೆ ಸುತ್ತಿ ಮುರಿದು ಹಾರಬಹುದು. ಅದಕ್ಕೆ ಹೆಚ್ಚಾದ ವಿದ್ಯುತ್ತನ್ನು ಸುರಿಯಲು ಒಂದು ಹೀಟರ್ ಕಾಯಿಲ್ ಯಾವಾಗಲೂ ಜೊತೆಗಿರಬೇಕು.

ಮಲೆನಾಡಿನವರಿಗೆ ಮಳೆಗಾಲದ ಕೊರತೆ ತುಂಬುವುದು ಗಾಳಿಗಿಂತ ಹಳ್ಳದ ನೀರು. ಮನೆ ಹಿಂದಿನ ಗುಡ್ಡದಿಂದ ಸೆಕೆಂಡಿಗೆ 10 ಲೀಟರ್ ನೀರು 10 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ ಸುಮಾರು 500 ವಾಟ್ ಸಿಗುತ್ತದೆ. ಯಂತ್ರದ ಸೋರಿಕೆಯನ್ನು ಕಳೆದ ಮೇಲೆ ಸಿಗುವ ಲೆಕ್ಕ ಇದು. 500 ವಾಟ್ ಏನು ಮಹಾ ಅನ್ನಬೇಡಿ. ಅದು ಹಗಲೂ ರಾತ್ರಿ ಬರುತ್ತದೆ. 24 ಗಂಟೆಗೆ 12 ಯೂನಿಟ್. ನಮ್ಮ ಲೆಕ್ಕದ ಮನೆಗೆ ಮೂರು ದಿನಕ್ಕೂ ಸಾಕಾಗುವಷ್ಟು. ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡದ ಎಷ್ಟೋ ಒಂಟಿ ಮನೆಗಳು ಹೀಗೇ ಬೆಳಗುತ್ತಿವೆ.

ಎಗ್ ದ್ವೀಪದವರು ಮಾಡಿಕೊಂಡ ಕಟ್ಟಳೆ

ಬಿಸಿಲು, ಗಾಳಿ, ನೀರು ಮೂರನ್ನೂ ಸೇರಿಸಿ ಇಡೀ ಊರು ನಡೆಸಿದ ಉದಾಹರಣೆ ಬೇಕೆಂದರೆ ಸ್ಕಾಟ್ಲೆಂಡ್‌ನ ಪಶ್ಚಿಮಕ್ಕಿರುವ ಎಗ್ ದ್ವೀಪವನ್ನು ನೋಡಬೇಕು. ಇರುವವರು ನೂರರ ಆಸುಪಾಸು ಜನ. 1997ರಲ್ಲಿ ದ್ವೀಪವನ್ನು ಊರವರೇ ಸೇರಿ ಕೊಂಡುಕೊಂಡರು. ದೊಡ್ಡ ಭೂಭಾಗದ ಗ್ರಿಡ್ ಅಲ್ಲಿಗೆ ಬಂದೇ ಇಲ್ಲ. ಮನೆ ಮನೆಯಲ್ಲಿ ಡೀಸೆಲ್ ಜನರೇಟರ್ ಗುಡುಗುತ್ತಿತ್ತು. 2008ರ ಫೆಬ್ರುವರಿ 1ರಂದು ಅಲ್ಲಿ ತಮ್ಮದೇ ಗ್ರಿಡ್ ಶುರುವಾಯಿತು. ಹಳ್ಳದ ನೀರಿನ ಮೂರು ಘಟಕ, 6 ಕಿಲೋವಾಟ್‌ನ ನಾಲ್ಕು ಗಾಳಿಯಂತ್ರ, ಸೋಲಾರ್ ಪ್ಯಾನೆಲ್, ಒಂದು ಕೋಣೆ ತುಂಬ ಬ್ಯಾಟರಿ, ಕಷ್ಟಕಾಲಕ್ಕೆ ಡೀಸೆಲ್. ಚಳಿಗಾಲದಲ್ಲಿ ಗಾಳಿ, ನೀರು ಹೆಚ್ಚು. ಬೇಸಿಗೆಯಲ್ಲಿ ಬಿಸಿಲು ಹೆಚ್ಚು. ಒಂದು ಕೈಕೊಟ್ಟಾಗ ಇನ್ನೊಂದು ಹಿಡಿಯುತ್ತದೆ.

ಯಂತ್ರಗಳಿಗಿಂತ ನನಗೆ ಮುಖ್ಯ ಅನ್ನಿಸಿದ್ದು ಅವರು ಹಾಕಿಕೊಂಡ ಕಟ್ಟಳೆ. ಒಂದು ಮನೆ ಒಂದೇ ಹೊತ್ತಿಗೆ 5 ಕಿಲೋವಾಟ್‌ಗಿಂತ ಹೆಚ್ಚು ಎಳೆಯುವಂತಿಲ್ಲ. ಅಂಗಡಿ, ಉದ್ಯಮಕ್ಕೆ 10. ಮೀರಿದರೆ ಆ ಮನೆಯ ಕರೆಂಟ್ ಕಡಿಯುತ್ತದೆ. ಬಡವ, ಸಿರಿವಂತ ಎಲ್ಲರಿಗೂ ಒಂದೇ. ಗಾಳಿ ಮಳೆ ಜೋರಾಗಿ ವಿದ್ಯುತ್ತು ಉಕ್ಕಿದಾಗ ಅದು ವ್ಯರ್ಥವಾಗುವುದಿಲ್ಲ, ಸಮುದಾಯ ಭವನದಂಥ ಊರಿನ ಕಟ್ಟಡಗಳನ್ನು ಬೆಚ್ಚಗಿಡುತ್ತದೆ. ಪಂಕ್ತಿಯ ಅಳತೆ ಎಲ್ಲರೂ ಒಪ್ಪಿದ್ದರಿಂದ ಅಲ್ಲಿ ಉಗ್ರಾಣ ಸಾಲುತ್ತಿದೆ.

ಯಾರಿಗೆ ಬೇಕು, ಯಾರಿಗೆ ಬೇಡ

ನಿಮ್ಮ ಮನೆಗೆ ಲೈನ್ ಇದ್ದು, ಕರೆಂಟ್ ಸಾಕಷ್ಟು ಇರುತ್ತದೆ ಅಂದರೆ ದುಡ್ಡು ಉಳಿಸಲು ಅಂತ ಗ್ರಿಡ್ ಬಿಡಬೇಡಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿನ ಬಳಕೆಗೆ ಬಿಲ್ಲೇ ಬರದ ಮನೆಗೆ ಬ್ಯಾಟರಿಯ ಖರ್ಚು ಯಾವತ್ತೂ ಹುಟ್ಟುವುದಿಲ್ಲ. ಕರೆಂಟ್ ಪದೇ ಪದೇ ಹೋಗುತ್ತದೆ ಅಂದರೆ ಹೈಬ್ರಿಡ್ ಸಾಕು. ಲೈನ್ ಎಳೆಯಲು ಕಾಡು ಅಡ್ಡ ಬರುವ ಮನೆ, ಮಳೆಗಾಲದಲ್ಲಿ ಮರ ಬಿದ್ದು ವಾರಗಟ್ಟಲೆ ಕತ್ತಲಾಗುವ ಮನೆ, ತೋಟದ ನಡುವಿನ ಒಂಟಿ ಮನೆ, ಇವರಿಗೆ ಪೂರ್ತಿ ಆಫ್-ಗ್ರಿಡ್ ಅರ್ಥಪೂರ್ಣ. ಕರ್ನಾಟಕಕ್ಕೆ ಇದು ಹೊಸದೂ ಅಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೋ ಸಂಸ್ಥೆ ಹಳ್ಳಿಯ ಬ್ಯಾಂಕುಗಳ ಸಾಲ ಜೋಡಿಸಿ, ಒಂದು ಪ್ಯಾನೆಲ್, ಒಂದು ಬ್ಯಾಟರಿ, ನಾಲ್ಕು ದೀಪದ ಏರ್ಪಾಡನ್ನು ಮನೆ ಮನೆಗೆ ಮುಟ್ಟಿಸಿತು. ಅದನ್ನು ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಸುರಕ್ಷತೆಯ ಬಗ್ಗೆ ಎರಡು ಮಾತು. ಡಿಸಿ ತಂತಿಯಲ್ಲಿ ಕಿಡಿ ಹತ್ತಿದರೆ ಎಸಿಯಂತೆ ತಾನಾಗಿ ಆರುವುದಿಲ್ಲ. ಡಿಸಿಗೆಂದೇ ಮಾಡಿದ ಫ್ಯೂಸ್, ಬ್ರೇಕರ್ ಹಾಕಿಸಿ, ಮನೆಯ ಮಾಮೂಲಿ ಎಂಸಿಬಿ ಬೇಡ. ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದು ಹೊತ್ತಿಕೊಳ್ಳುವ ಅನಿಲ. ಗಾಳಿ ಆಡುವ ಜಾಗದಲ್ಲಿಡಿ, ದೇವರ ದೀಪ ಹಚ್ಚುವ ಕೋಣೆಯಲ್ಲಂತೂ ಬೇಡ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಅರ್ಥಿಂಗ್, ಸಿಡಿಲು ತಡೆ ಎರಡೂ ಬೇಕೇ ಬೇಕು.

ಇರುವ ಯುಪಿಎಸ್‌ಗೇ ಪ್ಯಾನೆಲ್ ಜೋಡಿಸಬಹುದಾ?

ಜೋಡಿಸಬಹುದು. ಬ್ಯಾಟರಿಗೆ ತಕ್ಕ ಚಾರ್ಜ್ ಕಂಟ್ರೋಲರ್ ನಡುವೆ ಹಾಕಿದರೆ ಒಂದೆರಡು ಪ್ಯಾನೆಲ್‌ನಿಂದ ಶುರುಮಾಡಬಹುದು. ಯುಪಿಎಸ್ ಗ್ರಿಡ್‌ನಿಂದಲೇ ಮೊದಲು ಬ್ಯಾಟರಿ ತುಂಬಿಸಿಬಿಟ್ಟರೆ ಬಿಸಿಲಿಗೆ ಕೆಲಸವೇ ಉಳಿಯುವುದಿಲ್ಲ. ಹಾಗಾಗಿ ಸೋಲಾರ್‌ಗೆ ಮೊದಲ ಸರದಿ ಕೊಡುವ ಏರ್ಪಾಡು ಬೇಕು. ಜೊತೆಗೆ ಪ್ಯಾನೆಲ್ ಕೊಟ್ಟ ಯೂನಿಟ್ ತೋರಿಸುವ ಒಂದು ಸಣ್ಣ ಮೀಟರ್ ಹಾಕಿಸಿ. ಜೂನ್‌ನಿಂದ ಆಗಸ್ಟ್ ತನಕ ದಿನವೂ ಸಂಜೆ ಆರಕ್ಕೆ ಆ ಅಂಕಿಯನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಮುಂದೆ ಪೂರ್ತಿ ಏರ್ಪಾಡಿಗೆ ಅಂಗಡಿಗೆ ಹೋಗುವ ದಿನ ಆ ಮೂರು ಹಾಳೆ ಕೈಯಲ್ಲಿರಲಿ.